ಹೈದರಾಬಾದಿನಲ್ಲಿ ಜೀವಭೌತವಿಜ್ಞಾನ: ಪಿಎಚ್.ಡಿ. ಅಧ್ಯಯನ ಮತ್ತು ಸಂಶೋಧನೆ

ಜೀವಿಗಳ ಒಳಗೆ ನಡೆಯುವುದನ್ನು ಭೌತವಿಜ್ಞಾನದ ನಿಯಮಗಳಿಂದಲೂ ಉಪಕರಣಗಳಿಂದಲೂ ಅಳೆದು ಅರಿಯುವ ಶಾಸ್ತ್ರ ಜೀವಭೌತವಿಜ್ಞಾನ. ಪ್ರೋಟೀನಿನ ಸರಪಳಿ ಯಾವ ಬಲಗಳಿಂದ ಮಡಚಿಕೊಳ್ಳುತ್ತದೆ, ಜೀವಕೋಶದ ಪೊರೆಯಲ್ಲಿ ಅಣುಗಳು ಎಷ್ಟು ಸಲೀಸಾಗಿ ಹರಿದಾಡುತ್ತವೆ, ನರದ ಸಂಕೇತ ಹೇಗೆ ಸಾಗುತ್ತದೆ, ಕಣ್ಣಿನ ಮಸೂರ ಏಕೆ ಪಾರದರ್ಶಕವಾಗಿದೆ ಎಂಬಂಥ ಪ್ರಶ್ನೆಗಳು ಇದರ ವ್ಯಾಪ್ತಿಗೆ ಬರುತ್ತವೆ. ಭಾರತದಲ್ಲಿ ಈ ಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಲು ಬೆಂಗಳೂರು, ಮುಂಬೈ, ಕೊಲ್ಕತ್ತ, ಪುಣೆಗಳ ಜೊತೆಗೆ ಹೆಸರಿಸಲೇಬೇಕಾದ ನಗರ ಹೈದರಾಬಾದು. ಆದರೆ ಇಲ್ಲಿಯ ದೊಡ್ಡ ಸಂಸ್ಥೆಗಳಲ್ಲಿ ‘ಜೀವಭೌತವಿಜ್ಞಾನ ವಿಭಾಗ’ ಎಂಬ ಫಲಕ ಹುಡುಕಿಕೊಂಡು ಹೋದವರಿಗೆ ಅದು ಸುಲಭಕ್ಕೆ ಕಾಣುವುದಿಲ್ಲ. ವಿಶ್ವವಿದ್ಯಾಲಯದ ರಸಾಯನವಿಜ್ಞಾನ ಶಾಲೆಯಲ್ಲಿ, ಕೋಶಜೀವವಿಜ್ಞಾನದ ರಾಷ್ಟ್ರೀಯ ಪ್ರಯೋಗಾಲಯದಲ್ಲಿ, ಕಣ್ಣಿನ ಆಸ್ಪತ್ರೆಯೊಂದರ ಸಂಶೋಧನಾ ಕೇಂದ್ರದಲ್ಲಿ, ಕಂಪ್ಯೂಟರ್ ಶಿಕ್ಷಣಕ್ಕೆ ಹೆಸರಾದ ಸಂಸ್ಥೆಯಲ್ಲಿ ಈ ಶಾಸ್ತ್ರ ಹಂಚಿಹೋಗಿದೆ. ಕೆಲವು ಪ್ರಶ್ನೆಗಳ ಬೆನ್ನುಹತ್ತಿದವರು ಅದನ್ನು ಇಲ್ಲಿ ಬೆಳೆಸಿದರು; ವಿಭಾಗಗಳು ಬೆಳೆಸಲಿಲ್ಲ. ಇಲ್ಲಿಗೆ ಸಂಶೋಧನೆಗೆ ಬರಬೇಕೆನ್ನುವ ವಿದ್ಯಾರ್ಥಿಯೂ ಮೊದಲು ಆರಿಸಿಕೊಳ್ಳಬೇಕಾದದ್ದು ಪ್ರಶ್ನೆಯನ್ನೇ.

ಹಿನ್ನೆಲೆ

ಭೌತವಿಜ್ಞಾನಿ ಎರ್ವಿನ್ ಶ್ರೋಡಿಂಗರ್ 1943ರಲ್ಲಿ ಡಬ್ಲಿನ್ನಿನಲ್ಲಿ ಕೊಟ್ಟ ಉಪನ್ಯಾಸಗಳು ಮರುವರ್ಷ ‘ವಾಟ್ ಈಸ್ ಲೈಫ್?’ ಎಂಬ ಪುಸ್ತಕವಾಗಿ ಬಂದವು. ಎರಡನೆಯ ಮಹಾಯುದ್ಧದ ನಂತರದ ಪೀಳಿಗೆಯ ಹಲವು ಭೌತವಿಜ್ಞಾನಿಗಳನ್ನು ಜೀವವಿಜ್ಞಾನದ ಕಡೆಗೆ ತಿರುಗಿಸಿದ ಪುಸ್ತಕ ಅದು. 1953ರಲ್ಲಿ ಡಿಎನ್ಎಯ ರಚನೆ ಗೊತ್ತಾಯಿತು. ಹಿಮೋಗ್ಲೋಬಿನ್ ಮತ್ತು ಮಯೋಗ್ಲೋಬಿನ್ ಪ್ರೋಟೀನುಗಳ ರಚನೆಯನ್ನು ಕ್ಷ-ಕಿರಣಗಳಿಂದ ಬಿಡಿಸಿದ ಮ್ಯಾಕ್ಸ್ ಪೆರೂಟ್ಸ್ ಮತ್ತು ಜಾನ್ ಕೆಂಡ್ರೂ 1962ರಲ್ಲಿ ನೊಬೆಲ್ ಪಡೆದರು.

ಭಾರತದಲ್ಲಿ ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರು ಜಿ.ಎನ್. ರಾಮಚಂದ್ರನ್. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಅವರು ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದಾಗ, 1954ರಲ್ಲಿ, ಗೋಪಿನಾಥ ಕರ್ತಾ ಜೊತೆಗೂಡಿ ಕೊಲಾಜೆನ್ನಿನ ಮೂರೆಳೆಯ ರಚನೆಯನ್ನು ಮುಂದಿಟ್ಟರು. ಪ್ರೋಟೀನಿನ ಬೆನ್ನೆಲುಬು ಯಾವ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವ ಕೋನಗಳಲ್ಲಿ ಪರಮಾಣುಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ ಎಂದು ಲೆಕ್ಕ ಹಾಕಿ ತೋರಿಸುವ ರಾಮಚಂದ್ರನ್ ನಕ್ಷೆ 1963ರದು. ಇಂದಿಗೂ ಹೊಸ ಪ್ರೋಟೀನ್ ರಚನೆಯೊಂದನ್ನು ಪ್ರಕಟಿಸುವ ಮುನ್ನ ಅದನ್ನು ಈ ನಕ್ಷೆಯ ಮೇಲೆ ಇಟ್ಟು ನೋಡುತ್ತಾರೆ. 1971ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ಘಟಕವನ್ನು ಕಟ್ಟಿದರು. ಈ ಘಟಕದಲ್ಲಿ ತಯಾರಾದವರು ಮುಂದೆ ಹೈದರಾಬಾದಿನ ಪ್ರಯೋಗಾಲಯಗಳಿಗೆ ಬಂದು ನೆಲೆಸಿದ್ದನ್ನು ಈ ಲೇಖನದಲ್ಲಿ ಮತ್ತೆ ಮತ್ತೆ ಕಾಣಬಹುದು.

ಹೈದರಾಬಾದಿನ ಕಥೆ ಶುರುವಾಗುವುದು ಒಂದು ರಸಾಯನ ಪ್ರಯೋಗಾಲಯದಿಂದ. ನಿಜಾಮರ ಸರ್ಕಾರ 1944ರಲ್ಲಿ ಸ್ಥಾಪಿಸಿದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನೆಯ ಕೇಂದ್ರ ಪ್ರಯೋಗಾಲಯಗಳು 1956ರಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ (ಸಿಎಸ್ಐಆರ್) ಆಡಳಿತಕ್ಕೆ ಬಂದು ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯ ಎಂದಾದವು. ಇಂದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ, ಜನರ ಬಾಯಲ್ಲಿ ಐಐಸಿಟಿ, ಇದೇ. ಎಣ್ಣೆ, ಬಣ್ಣ, ಕೀಟನಾಶಕ, ಔಷಧಗಳ ರಸಾಯನವೇ ಮುಖ್ಯವಾಗಿದ್ದ ಈ ಜಾಗದಲ್ಲಿ ಪುಷ್ಪ ಮಿತ್ರ ಭಾರ್ಗವ ಎಂಬ ಹಟವಾದಿ ವಿಜ್ಞಾನಿ ಜೀವರಸಾಯನದ ವಿಭಾಗವೊಂದನ್ನು ಬೆಳೆಸಿದರು. ಆ ವಿಭಾಗವನ್ನೇ ಬೀಜವಾಗಿಟ್ಟುಕೊಂಡು 1977ರ ಏಪ್ರಿಲ್ 1ರಂದು ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ, ಅಂದರೆ ಸಿಸಿಎಂಬಿ, ಹುಟ್ಟಿತು. ಹಬ್ಸಿಗುಡದಲ್ಲಿ ಅದಕ್ಕೆಂದೇ ಕಟ್ಟಿದ ನೆಲೆಯನ್ನು 1987ರ ನವೆಂಬರ್ 26ರಂದು ಪ್ರಧಾನಿ ರಾಜೀವ್ ಗಾಂಧಿ ರಾಷ್ಟ್ರಕ್ಕೆ ಅರ್ಪಿಸಿದರು. ಭೌತವಿಜ್ಞಾನಿ, ರಸಾಯನವಿಜ್ಞಾನಿ, ಜೀವವಿಜ್ಞಾನಿಗಳು ಒಂದೇ ಸೂರಿನಡಿ, ದುಬಾರಿ ಉಪಕರಣಗಳನ್ನು ಎಲ್ಲರೂ ಹಂಚಿಕೊಂಡು ಕೆಲಸ ಮಾಡಬೇಕೆಂಬುದು ಭಾರ್ಗವ ಅವರ ಪಟ್ಟು. ಜೀವಭೌತಕ್ಕೆ ಬೇಕಾದ ಮಣ್ಣು ಇಲ್ಲಿ ಹದವಾದದ್ದು ಈ ಪಟ್ಟಿನಿಂದ.

ಇನ್ನೊಂದು ಬೇರು ನಗರದ ಪಶ್ಚಿಮದಲ್ಲಿದೆ. 1973ರ ಆರು ಅಂಶಗಳ ರಾಜಕೀಯ ಒಪ್ಪಂದದ ಫಲವಾಗಿ ಸಂಸತ್ತಿನ ಕಾಯಿದೆಯಿಂದ 1974ರಲ್ಲಿ ಹುಟ್ಟಿದ ಹೈದರಾಬಾದ್ ವಿಶ್ವವಿದ್ಯಾಲಯ ಮೊದಲು ನಡೆದದ್ದು ಸರೋಜಿನಿ ನಾಯ್ಡು ಅವರ ಮನೆ ‘ಗೋಲ್ಡನ್ ಥ್ರೆಶೋಲ್ಡ್’ನಲ್ಲಿ, ಗಚ್ಚಿಬೌಲಿಯ ವಿಶಾಲ ಆವರಣಕ್ಕೆ ಹೋದದ್ದು ಆಮೇಲೆ. ಇವೆರಡಕ್ಕಿಂತ ಹಳೆಯ ನಿಜಾಂ ಕಾಲೇಜಿನ ಭೌತವಿಜ್ಞಾನ ವಿಭಾಗದಲ್ಲೂ ಜೀವಭೌತ ಪ್ರಯೋಗಾಲಯವೊಂದಿತ್ತು. ಶ್ರವಣಾತೀತ ಅಲೆಗಳನ್ನು ಹಾಯಿಸಿ ಮೂಳೆಯ ಗುಣಗಳನ್ನು ಅಳೆಯುವಂಥ ಕೆಲಸ ಅಲ್ಲಿ ನಡೆದಿದೆ. ಸಾಧಾರಣ ಸಲಕರಣೆಗಳಿಂದಲೇ ಮಾಡಿದ ಇಂಥ ಕೆಲಸಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಕಣ್ಣಿನ ಮಸೂರ

ಹೈದರಾಬಾದಿನ ಜೀವಭೌತವನ್ನು ಒಂದೇ ಉದಾಹರಣೆಯಿಂದ ಪರಿಚಯಿಸಬೇಕಾದರೆ ಮಸೂರದ ಕೆಲಸವನ್ನೇ ಆರಿಸಿಕೊಳ್ಳಬೇಕು. ಕಣ್ಣಿನ ಮಸೂರದ ತೂಕದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಪ್ರೋಟೀನು. ಅದರಲ್ಲಿ ಬಹುಪಾಲು ಕ್ರಿಸ್ಟಲಿನ್ ಎಂಬ ಗುಂಪಿಗೆ ಸೇರಿದ್ದು. ಇಷ್ಟು ದಟ್ಟವಾದ ಪ್ರೋಟೀನ್ ದ್ರಾವಣ ಬೆಳಕನ್ನು ಚದುರಿಸಿ ಹಾಲಿನಂತಾಗಬೇಕಿತ್ತು. ಅಣುಗಳು ಹತ್ತಿರ ಹತ್ತಿರ ಒತ್ತಾಗಿ, ಒಂದು ಬಗೆಯ ಕ್ರಮದಲ್ಲಿ ಕೂತಿರುವುದರಿಂದ ಅದು ತಿಳಿಯಾಗಿಯೇ ಉಳಿಯುತ್ತದೆ. ಮಸೂರದ ನಡುಭಾಗದ ಪ್ರೋಟೀನು ಹುಟ್ಟಿದಾಗ ಇದ್ದದ್ದೇ ಕೊನೆಯವರೆಗೂ ಇರುತ್ತದೆ, ಹೊಸದು ಬರುವುದಿಲ್ಲ. ಬಿಸಿಲಿನ ಅತಿನೇರಳೆ ಕಿರಣ, ಉತ್ಕರ್ಷಣ, ಸಕ್ಕರೆ ಕಾಯಿಲೆ ಇವೆಲ್ಲ ಎಷ್ಟೋ ದಶಕಗಳ ಕಾಲ ಅದನ್ನು ಕೆಡಿಸುತ್ತಾ ಹೋಗುತ್ತವೆ. ಕೆಟ್ಟ ಪ್ರೋಟೀನುಗಳು ಬೆಂದ ಮೊಟ್ಟೆಯ ಬಿಳಿಯಂತೆ ಒಂದಕ್ಕೊಂದು ಅಂಟಿಕೊಂಡಾಗ ಕಣ್ಣಿಗೆ ಪೊರೆ ಬರುತ್ತದೆ.

ಡಿ. ಬಾಲಸುಬ್ರಮಣಿಯನ್ ಈ ಸಮಸ್ಯೆಗೆ ಬಂದದ್ದು ಭೌತ-ರಸಾಯನದ ದಾರಿಯಿಂದ. ಐಐಟಿ ಕಾನ್ಪುರದಿಂದ ಹೈದರಾಬಾದ್ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ ಸಿಸಿಎಂಬಿಗೆ ಬಂದ ಅವರು ಬೆಳಕು ಮತ್ತು ಉತ್ಕರ್ಷಣದಿಂದ ಮಸೂರದ ಪ್ರೋಟೀನಿಗೆ ಆಗುವ ಹಾನಿಯನ್ನು ರೋಹಿತಮಾಪನದಿಂದ ಬಿಡಿಸಿ ನೋಡಿದರು. ಅದೇ ಸಿಸಿಎಂಬಿಯಲ್ಲಿ ಸಿ.ಎಚ್. ಮೋಹನ ರಾವ್ ಆಲ್ಫಾ-ಕ್ರಿಸ್ಟಲಿನ್ನನ್ನು ಕೈಗೆತ್ತಿಕೊಂಡರು. ಈ ಪ್ರೋಟೀನು ಬರೀ ಮಸೂರದ ಇಟ್ಟಿಗೆಯಲ್ಲ, ಕೆಡುತ್ತಿರುವ ಬೇರೆ ಪ್ರೋಟೀನುಗಳನ್ನು ಅಂಟಿಕೊಳ್ಳದಂತೆ ಕಾಯುವ ‘ಚಾಪೆರೋನ್’ ಸಹ ಎಂದು ಅಮೆರಿಕದ ಜೋಸೆಫ್ ಹಾರ್ವಿಟ್ಸ್ 1992ರಲ್ಲಿ ತೋರಿಸಿದ್ದರು. ಮೋಹನ ರಾವ್ ಗುಂಪು ಇನ್ನೊಂದು ಹೆಜ್ಜೆ ಮುಂದಿಟ್ಟು, ಸುಮಾರು 30 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಈ ಪ್ರೋಟೀನಿನ ರಚನೆ ಸ್ವಲ್ಪ ಸಡಿಲಗೊಂಡು, ನೀರಿಗೆ ಒಗ್ಗದ ಅದರ ಮೇಲ್ಮೈಗಳು ತೆರೆದುಕೊಂಡು, ಕಾಯುವ ಶಕ್ತಿ ಎಷ್ಟೋ ಪಟ್ಟು ಏರುತ್ತದೆ ಎಂದು ಕಂಡುಕೊಂಡಿತು. ಈ ಸಾಲಿನ ಕೆಲಸಕ್ಕಾಗಿ ಅವರಿಗೆ 1999ರ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು.

ಪ್ರಶ್ನೆ ಅಲ್ಲಿಗೇ ನಿಲ್ಲಲಿಲ್ಲ ಎಂಬುದು ಈ ನಗರದ ವಿಶೇಷ. ಬಾಲಸುಬ್ರಮಣಿಯನ್ ಸಿಸಿಎಂಬಿಯ ನಿರ್ದೇಶಕ ಸ್ಥಾನದಿಂದ ಇಳಿದ ಮೇಲೆ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ಸಂಶೋಧನೆಯನ್ನು ಮುನ್ನಡೆಸಿದರು. ತಾರ್ನಾಕಾದ ರಾಷ್ಟ್ರೀಯ ಪೋಷಣಾ ಸಂಸ್ಥೆ ಸಕ್ಕರೆ ಕಾಯಿಲೆಯಿಂದ ಬರುವ ಪೊರೆಯ ಕಡೆಗೆ ಹೊರಳಿತು. ಅರಿಸಿನ ಮತ್ತು ಅದರ ಕುರ್ಕುಮಿನ್ ಇಲಿಗಳಲ್ಲಿ ಈ ಪೊರೆ ಬರುವುದನ್ನು ತಡವಾಗಿಸುತ್ತವೆ ಎಂಬ ಅದರ ಪ್ರಬಂಧ 2005ರಲ್ಲಿ ಬಂತು. ರೋಹಿತಮಾಪಕದ ಮುಂದೆ ಕೂತವರು, ಇಲಿ ಸಾಕುವವರು, ಶಸ್ತ್ರಚಿಕಿತ್ಸೆ ಮಾಡುವವರು ಒಂದೇ ಊರಿನಲ್ಲಿ ಒಂದೇ ಮಸೂರವನ್ನು ನೋಡುವಂತಾದದ್ದು ಸಂಶೋಧನಾರ್ಥಿಗಳಿಗೆ ದೊಡ್ಡ ಲಾಭ.

ಕೋಶಪೊರೆ, ಪೆಪ್ಟೈಡು, ಎಡ–ಬಲದ ಅಣು

ಭಾರ್ಗವ ಮತ್ತು ಸಂಗಡಿಗರು ಹೋರಿಯ ವೀರ್ಯದ್ರವದಲ್ಲಿ ಬ್ಯಾಕ್ಟೀರಿಯಾಗಳನ್ನು ತಡೆಯುವ ಸೆಮಿನಲ್‌ಪ್ಲಾಸ್ಮಿನ್ ಎಂಬ ಪ್ರೋಟೀನನ್ನು ಕಂಡು 1979ರಲ್ಲಿ ಪ್ರಕಟಿಸಿದ್ದರು. ಇಂಥ ಸಣ್ಣ ಪ್ರೋಟೀನು ಬ್ಯಾಕ್ಟೀರಿಯಾದ ಪೊರೆಯನ್ನು ಹೇಗೆ ಒಡೆಯುತ್ತದೆ ಎಂಬ ಪ್ರಶ್ನೆಯನ್ನು ಮುಂದುವರಿಸಿದವರು ಆರ್. ನಾಗರಾಜ್. ಬೆಂಗಳೂರಿನಲ್ಲಿ ಪಿ. ಬಲರಾಮ್ ಅವರ ಬಳಿ ಪಿಎಚ್.ಡಿ. ಮಾಡಿ, ಪೊರೆಯಲ್ಲಿ ರಂಧ್ರ ಕೊರೆಯುವ ಅಲಮೆಥಿಸಿನ್ ಎಂಬ ಪೆಪ್ಟೈಡಿನ ಮೇಲೆ ಕೆಲಸ ಮಾಡಿದವರು ಅವರು. ಇಡೀ ಪ್ರೋಟೀನಿನ ಬದಲು ಅದರ ಚಿಕ್ಕ ತುಂಡೊಂದನ್ನು, ಹದಿಮೂರು ಅಮೈನೊ ಆಮ್ಲಗಳ ಸರವನ್ನು, ಕೃತಕವಾಗಿ ಕಟ್ಟಿದರೂ ಬ್ಯಾಕ್ಟೀರಿಯಾ ಸಾಯುತ್ತದೆ ಎಂದು ಅವರ ಗುಂಪು ತೋರಿಸಿತು. ಅವರಿಗೆ 1994ರಲ್ಲಿ ಭಟ್ನಾಗರ್ ಪ್ರಶಸ್ತಿ ಸಂದಿದೆ. ಪ್ರತಿಜೈವಿಕಗಳಿಗೆ ಬಗ್ಗದ ಸೋಂಕುಗಳು ಹೆಚ್ಚುತ್ತಿರುವ ಇಂದಿನ ದಿನಗಳಲ್ಲಿ ಈ ಕೆಲಸದ ಬೆಲೆ ಏರಿದೆ. ಅದೇ ಹೋರಿಯ ದ್ರವದ ಇನ್ನೊಂದು ಪ್ರೋಟೀನು ಪಿಡಿಸಿ-109. ಹೈದರಾಬಾದ್ ವಿಶ್ವವಿದ್ಯಾಲಯದ ಮುಸ್ತಿ ಜೆ. ಸ್ವಾಮಿ ಗುಂಪು ಅದು ಪೊರೆಯ ಕೊಬ್ಬಿಗೆ ಅಂಟುವ ಬಗೆಯನ್ನು ಅಳೆಯುತ್ತಾ ಹೋಗಿ, ಅದಕ್ಕೂ ಚಾಪೆರೋನ್ ಗುಣ ಇದೆಯೆಂದು ಕಂಡಿತು. ಪಡವಲ, ಹಾಗಲದ ಬೀಜಗಳಲ್ಲಿ ಸಕ್ಕರೆಯ ಅಣುಗಳನ್ನು ಗುರುತು ಹಿಡಿದು ಅಂಟುವ ಲೆಕ್ಟಿನ್ ಪ್ರೋಟೀನುಗಳ ಮೇಲೂ ಈ ಗುಂಪಿನ ಕೆಲಸವಿದೆ.

ಕೋಶಪೊರೆಯ ಜೀವಭೌತದಲ್ಲಿ ಜಗತ್ತು ಸಿಸಿಎಂಬಿಯನ್ನು ಗುರುತಿಸಿದ್ದು ಅಮಿತಾಭ ಚಟ್ಟೋಪಾಧ್ಯಾಯ ಅವರ ಪ್ರಯೋಗಗಳಿಂದ. ಟ್ರಿಪ್ಟೋಫಾನ್‌ನಂಥ ಅಣುವಿಗೆ ಅತಿನೇರಳೆ ಬೆಳಕು ಹಾಯಿಸಿದರೆ ಅದು ಕೆಲವು ನ್ಯಾನೋಸೆಕೆಂಡುಗಳಲ್ಲಿ ಉದ್ದ ತರಂಗಾಂತರದ ಬೆಳಕನ್ನು ಹೊರಸೂಸುತ್ತದೆ. ಸುತ್ತ ನೀರು ಸಲೀಸಾಗಿ ಓಡಾಡುತ್ತಿದ್ದರೆ, ಹೊರಬರುವ ಬೆಳಕಿನ ತರಂಗಾಂತರ ಒಳಹಾಯಿಸಿದ ತರಂಗಾಂತರವನ್ನು ಅವಲಂಬಿಸುವುದಿಲ್ಲ. ಪೊರೆಯ ಒಳಗಿನಂತೆ ಇಕ್ಕಟ್ಟಾದ, ಅಣುಗಳು ನಿಧಾನವಾಗಿ ಹೊರಳುವ ಜಾಗದಲ್ಲಿ, ಒಳಹಾಯಿಸುವ ಬೆಳಕನ್ನು ಕೆಂಪಿನ ಕಡೆಗೆ ಸರಿಸಿದರೆ ಹೊರಬರುವ ಬೆಳಕೂ ಕೆಂಪಿಗೆ ಸರಿಯುತ್ತದೆ. ಕೆಂಪಂಚಿನ ಸರಿತ ಎನ್ನಬಹುದಾದ, ಆ ವಲಯದವರು ‘ರೀಸ್’ ಎಂದೇ ಕರೆಯುವ ಈ ಪರಿಣಾಮವನ್ನು ಅವರು ಪೊರೆಯಲ್ಲಿ ನೀರು, ಪ್ರೋಟೀನುಗಳ ಚಲನೆಯನ್ನು ಅಳೆಯುವ ಸಾಧನವಾಗಿ ಬೆಳೆಸಿದರು. ದನದ ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗದಿಂದ ತೆಗೆದ ಪೊರೆಯಲ್ಲಿ ಕೊಲೆಸ್ಟೆರಾಲ್ ಕಡಿಮೆ ಮಾಡಿದರೆ ಸಿರೊಟೋನಿನ್-1ಎ ಗ್ರಾಹಕದ ಕೆಲಸ ಕುಂದುತ್ತದೆ ಎಂಬುದೂ ಇವರ ಗುಂಪಿನ ಹೆಸರಾದ ಶೋಧ. ಹೃದಯರೋಗದ ಖಳನಾಯಕ ಎಂದೇ ಜನ ತಿಳಿದಿರುವ ಕೊಲೆಸ್ಟೆರಾಲ್ ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ ಗ್ರಾಹಕಕ್ಕೆ ಅಗತ್ಯವೆಂದು ಬೆಳಕಿನಿಂದಲೂ ಬಂಧಕ ಅಣುಗಳಿಂದಲೂ ಅಳೆದು ತೋರಿಸಿದ ಈ ಕೆಲಸದಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳ ಪಾಲು ದೊಡ್ಡದು.

ಮೂರನೆಯ ಎಳೆ ಹರಳುಗಳದು. ರಾಜನ್ ಶಂಕರನಾರಾಯಣನ್ ಪಿಎಚ್.ಡಿ. ಮಾಡಿದ್ದು ಬೆಂಗಳೂರಿನ ಅಣುಜೀವಭೌತ ಘಟಕದಲ್ಲಿ, ಎಂ. ವಿಜಯನ್ ಅವರ ಬಳಿ. ಹಲಸಿನ ಬೀಜದ ಜಾಕಲಿನ್ ಎಂಬ ಪ್ರೋಟೀನಿನ ರಚನೆಯನ್ನು ಅವರು ಮತ್ತು ಸಂಗಡಿಗರು 1996ರಲ್ಲಿ ಬಿಡಿಸಿದರು. ಫ್ರಾನ್ಸಿನ ಸ್ಟ್ರಾಸ್‌ಬೋರ್ಗ್‌ನಲ್ಲಿ ಕೆಲಸ ಮಾಡಿ ಸಿಸಿಎಂಬಿಗೆ ಬಂದ ಮೇಲೆ ಅವರು ಹಿಡಿದ ಪ್ರಶ್ನೆ ಜೀವದ ಬುಡಕ್ಕೇ ಸೇರಿದ್ದು. ಅಮೈನೊ ಆಮ್ಲಗಳಿಗೆ ಎಡ ಮತ್ತು ಬಲ ಎಂಬ ಕನ್ನಡಿ ರೂಪಗಳಿವೆ. ಜೀವಕೋಶದಲ್ಲಿ ಪ್ರೋಟೀನು ಕಟ್ಟುವ ರೈಬೊಸೋಮು ಅವನ್ನು ಎಡ ರೂಪದಿಂದಲೇ ಕಟ್ಟುತ್ತದೆ. ಬಲ ರೂಪದ ಆಮ್ಲ ತಪ್ಪಿ, ಆಮ್ಲಗಳನ್ನು ಹೊತ್ತು ತರುವ ಟಿಆರ್‌ಎನ್‌ಎಗೆ ಅಂಟಿಕೊಂಡರೆ ಅದನ್ನು ಬಿಡಿಸಿ ಹಾಕಲು ಡಿಟಿಡಿ ಎಂಬ ಕಿಣ್ವವಿದೆ. ಅದು ಬಲವನ್ನು ಗುರುತಿಸುತ್ತದೆ ಎಂದೇ ಎಲ್ಲರೂ ಎಣಿಸಿದ್ದರು. ಕಿಣ್ವದ ಹರಳನ್ನು ಕ್ಷ-ಕಿರಣದಲ್ಲಿಟ್ಟು ನೋಡಿದಾಗ ಕಂಡದ್ದು ಬೇರೆ. ಗ್ಲೈಸಿನ್ ಮತ್ತು ಪ್ರೋಲಿನ್‌ಗಳ ಪುಟ್ಟ ಜೋಡಿಯೊಂದು ಬಾಗಿಲಲ್ಲಿ ನಿಂತು ಎಡ ರೂಪವನ್ನು ಒಳಗೆ ಬಿಡದೆ ತಡೆಯುತ್ತದೆ. ಉಳಿದದ್ದು ಒಳಗೆ ಹೋಗಿ ಕತ್ತರಿಸಿಹೋಗುತ್ತದೆ. 2013ರಲ್ಲಿ ಪ್ರಕಟವಾದ ಈ ರಚನೆ ಹೈದರಾಬಾದಿನಿಂದ ಬಂದ ಅತ್ಯಂತ ಚೆಲುವಾದ ಜೀವಭೌತ ಫಲಿತಾಂಶಗಳಲ್ಲಿ ಒಂದು. ಶಂಕರನಾರಾಯಣನ್ 2011ರಲ್ಲಿ ಭಟ್ನಾಗರ್ ಪ್ರಶಸ್ತಿಯನ್ನೂ 2020ರಲ್ಲಿ ಇನ್ಫೋಸಿಸ್ ಪ್ರಶಸ್ತಿಯನ್ನೂ ಪಡೆದರು.

ಇಂದಿನ ಸಂಸ್ಥೆಗಳು

ಸಿಸಿಎಂಬಿ ಮತ್ತು ಹೈದರಾಬಾದ್ ವಿಶ್ವವಿದ್ಯಾಲಯಗಳ ಜೊತೆಗೆ ಈಗ ಮೊದಲು ಹೆಸರಿಸಬೇಕಾದದ್ದು ಗೋಪನಪಲ್ಲಿಯಲ್ಲಿರುವ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೇಂದ್ರವಾದ ಟಿಐಎಫ್ಆರ್ ಹೈದರಾಬಾದ್. 2010ರ ಅಕ್ಟೋಬರ್‌ನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಶಂಕುಸ್ಥಾಪನೆ ಮಾಡಿದ ಈ ಕೇಂದ್ರದಲ್ಲಿ ಭೌತ, ರಸಾಯನ, ಜೀವವಿಜ್ಞಾನಗಳ ನಡುವೆ ಗೋಡೆ ಕಟ್ಟಿಲ್ಲ. ಪ್ರೋಟೀನು ಕ್ಷಣಮಾತ್ರ ತಾಳುವ, ಸಾಮಾನ್ಯ ಅಳತೆಗೆ ಸಿಗದ ರೂಪಗಳನ್ನು ಪರಮಾಣು ಕಾಂತೀಯ ಅನುರಣನದಿಂದ (ಎನ್‌ಎಂಆರ್) ಹಿಡಿಯುವುದು, ಆಲ್ಜೈಮರ್ ಕಾಯಿಲೆಗೆ ಸಂಬಂಧಿಸಿದ ಅಮಿಲಾಯ್ಡ್ ಎಳೆಗಳು ಹೇಗೆ ಗಟ್ಟಿಗೊಳ್ಳುತ್ತವೆಂದು ನೋಡುವುದು, ಅಣುಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವುದು ಇಲ್ಲಿಯ ಮುಖ್ಯ ಎಳೆಗಳು. ಶುದ್ಧ ಭೌತವಿಜ್ಞಾನದ ಎಂ.ಎಸ್‌ಸಿ. ಪಡೆದು, ಜೀವವಿಜ್ಞಾನ ಓದದೆ ಬರುವವರಿಗೆ ಈ ನಗರದಲ್ಲಿ ಇದಕ್ಕಿಂತ ಹಿತವಾದ ಜಾಗ ಇಲ್ಲ.

ಲೆಕ್ಕಾಚಾರದ ಜೀವಭೌತಕ್ಕೆ 1998ರಲ್ಲಿ ಹುಟ್ಟಿದ ಐಐಐಟಿ ಹೈದರಾಬಾದಿನಲ್ಲಿ ಪ್ರತ್ಯೇಕ ಕೇಂದ್ರವಿದೆ. ಉಪ್ಪಲ್‌ನ ಸಿಡಿಎಫ್‌ಡಿ ಹೆಸರಿನಲ್ಲಿ ಡಿಎನ್ಎ ಬೆರಳಚ್ಚಿನ ಕೇಂದ್ರವಾದರೂ ಪ್ರೋಟೀನ್ ರಚನೆಯ ಸಂಶೋಧನೆಗೂ ನೆಲೆ ಕೊಟ್ಟಿದೆ. ಮುಂದೆ ಸಿಎಸ್ಐಆರ್ ಮಹಾನಿರ್ದೇಶಕರಾದ ಶೇಖರ್ ಮಾಂಡೆ ಕ್ಷಯದ ಬ್ಯಾಕ್ಟೀರಿಯಾದ ಪ್ರೋಟೀನುಗಳನ್ನು ಬಿಡಿಸಿದ್ದು ಇಲ್ಲಿದ್ದಾಗ. ಕಂದಿಯ ಐಐಟಿ, ಶಾಮೀರ್‌ಪೇಟೆಯ ಬಿಟ್ಸ್, ಬಾಲಾನಗರದ ನೈಪರ್‌ಗಳಲ್ಲೂ ಅವಕಾಶಗಳಿವೆ.

ಪ್ರವೇಶ ಮತ್ತು ಶಿಷ್ಯವೇತನ

ಪಿಎಚ್.ಡಿ.ಗೆ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯವಾಗಿ ಶೇ. 55 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಂಗವಿಕಲ ಮತ್ತು ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಶೇ. 5ರ ರಿಯಾಯಿತಿ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಪಡೆದವರೂ ನೇರವಾಗಿ ಅರ್ಜಿ ಹಾಕಬಹುದು. ಸಿಎಸ್ಐಆರ್-ಯುಜಿಸಿಯ ಅರ್ಹತಾ ಪರೀಕ್ಷೆ ನೆಟ್‌ನಲ್ಲಿ ಜೆಆರ್‌ಎಫ್ ಎಂಬ ಕಿರಿಯ ಸಂಶೋಧನಾ ಶಿಷ್ಯವೇತನ ಪಡೆಯುವುದು ಹೆಚ್ಚಿನವರು ಹಿಡಿಯುವ ದಾರಿ. ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಐಸಿಎಂಆರ್‌ಗಳ ಪರೀಕ್ಷೆಗಳು ಬೇರೆ. ಟಿಐಎಫ್ಆರ್ ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತದೆ. ಜೀವವಿಜ್ಞಾನದ ದಾರಿಯಿಂದ ಬರುವವರಿಗೆ ಅದು ಜೆಜೀಬಿಲ್ಸ್. ಐಐಐಟಿಗೂ ಅದರದೇ ಪರೀಕ್ಷೆ ಇದೆ.

ಜೀವಭೌತದ ಆಕಾಂಕ್ಷಿಗೆ ಇಲ್ಲೊಂದು ತೊಡಕು ಎದುರಾಗುತ್ತದೆ. ಸಿಎಸ್ಐಆರ್ ನೆಟ್‌ನ ಐದು ವಿಷಯಗಳಲ್ಲಿ ಜೀವಭೌತ ಇಲ್ಲ. ಭೌತವಿಜ್ಞಾನದ ಪಠ್ಯಕ್ರಮದಲ್ಲಿ ಜೀವದ ಸುದ್ದಿಯೇ ಇಲ್ಲ. ಜೀವವಿಜ್ಞಾನದ ಪಠ್ಯಕ್ರಮದ ಕೊನೆಯ ಘಟಕದಲ್ಲಿ ಪ್ರತಿದೀಪ್ತಿ, ಎನ್‌ಎಂಆರ್, ಕ್ಷ-ಕಿರಣ ವಿವರ್ತನೆಗಳು ಜೀವಭೌತ ವಿಧಾನಗಳೆಂದು ಬರುತ್ತವೆ, ಆದರೆ ಅಲ್ಲಿಗೆ ತಲುಪುವ ಮೊದಲು ಸಸ್ಯಶರೀರಕ್ರಿಯೆಯಿಂದ ಪರಿಸರದವರೆಗೆ ಎಲ್ಲವನ್ನೂ ಓದಬೇಕು. ಹಾಗಾಗಿ ಎಂ.ಎಸ್‌ಸಿ. ಯಾವುದರಲ್ಲಿ ಆಗಿದೆಯೋ ಅದರಲ್ಲೇ ಪರೀಕ್ಷೆ ಬರೆಯುವುದು ಒಳ್ಳೆಯದು. ಭೌತ ಅಥವಾ ರಸಾಯನವಿಜ್ಞಾನದಲ್ಲಿ ಜೆಆರ್‌ಎಫ್ ಪಡೆದು ಜೀವಭೌತದ ಪ್ರಯೋಗಾಲಯಕ್ಕೆ ಬರಲು ಅಡ್ಡಿಯಿಲ್ಲ; ಸಂದರ್ಶನದಲ್ಲಿ ನೋಡುವುದು ಮೂಲ ತತ್ವಗಳಲ್ಲಿ ಎಷ್ಟು ಹಿಡಿತವಿದೆ, ಕೊಟ್ಟ ಸಮಸ್ಯೆಯನ್ನು ಎದುರಿಗೇ ಹೇಗೆ ಬಿಡಿಸುತ್ತಾರೆ ಎಂಬುದನ್ನು.

2023ರ ಜನವರಿ 1ರಿಂದ ಜೆಆರ್‌ಎಫ್ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮೌಲ್ಯಮಾಪನದ ನಂತರ ಹಿರಿಯ ಶಿಷ್ಯವೇತನ ಎಸ್‌ಆರ್‌ಎಫ್ ಆದಾಗ 42,000 ರೂಪಾಯಿ. ಹಾಸ್ಟೆಲ್ ಸಿಗದವರಿಗೆ ಮನೆ ಬಾಡಿಗೆ ಭತ್ಯೆ ಬೇರೆ. ಮೊತ್ತ ಮರ್ಯಾದೆಯಾಗಿ ಬದುಕಲು ಸಾಕು. ಒಟ್ಟು ಐದು ವರ್ಷಕ್ಕೆ ಮಾತ್ರ ಸಿಗುತ್ತದೆ ಎಂಬುದನ್ನು ಮೊದಲ ದಿನವೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಪ್ರೋಟೀನು ಹರಳಾಗಲು ಹಿಡಿಯುವ ಕಾಲ ಯಾರ ಕೈಯಲ್ಲೂ ಇಲ್ಲ.

ಪದವಿ ಕೊಡುವ ಸಂಸ್ಥೆ ಕೆಲಸ ಮಾಡುವ ಸಂಸ್ಥೆಗಿಂತ ಬೇರೆ ಇರಬಹುದು. ಸಿಸಿಎಂಬಿಯವರು ಮೊದಲು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ನೋಂದಾಯಿಸುತ್ತಿದ್ದರು. ಈಗ 2011ರ ಕಾಯಿದೆಯಿಂದ ರೂಪುಗೊಂಡ ಎಸಿಎಸ್ಐಆರ್ ಅಕಾಡೆಮಿಯಲ್ಲಿ. ಸಿಡಿಎಫ್‌ಡಿಯ ಹಲವು ಸಂಶೋಧನಾರ್ಥಿಗಳು ಒಂದು ಕಾಲಕ್ಕೆ ಪದವಿ ಪಡೆದದ್ದು ನಮ್ಮ ಮಣಿಪಾಲ ವಿಶ್ವವಿದ್ಯಾಲಯದಿಂದ.

ಪ್ರಯೋಗಾಲಯದ ವರ್ಷಗಳು

ಯುಜಿಸಿ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ ಪಡೆಯಬಹುದು. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮತ್ತೆರಡು ವರ್ಷದ ಅವಕಾಶವಿದೆ. ಹೆರಿಗೆ ಮತ್ತು ಮಕ್ಕಳ ಆರೈಕೆಗಾಗಿ 240 ದಿನಗಳವರೆಗೆ ರಜೆ ಕೊಡಬಹುದು. ಮೊದಲ ವರ್ಷ ಕೋರ್ಸ್‌ವರ್ಕ್. ಭೌತವಿಜ್ಞಾನದವರು ಇಲ್ಲಿ ಜೀವಕೋಶವನ್ನೂ ಜೀನುಗಳನ್ನೂ ಕಲಿಯುತ್ತಾರೆ, ಜೀವವಿಜ್ಞಾನದವರು ಉಷ್ಣಗತಿಶಾಸ್ತ್ರ ಮತ್ತು ಗಣಿತದೊಂದಿಗೆ ಗುದ್ದಾಡುತ್ತಾರೆ. ಇಬ್ಬರಿಗೂ ಕಷ್ಟವಾಗುವ ಈ ವರ್ಷವನ್ನು ಹಗುರವಾಗಿ ಕಳೆದವರು ಮುಂದೆ ಪ್ರಬಂಧ ಬರೆಯುವಾಗ ಪರದಾಡುತ್ತಾರೆ. ಎಸಿಎಸ್ಐಆರ್‌ನಲ್ಲಿ ಇದರ ಜೊತೆಗೆ ಹಳ್ಳಿಗಳ ಬದುಕಿಗೆ ಸಂಬಂಧಿಸಿದ ಯೋಜನೆಯೊಂದನ್ನು ಮಾಡುವ ಕ್ರಮವಿದೆ.

ನಿತ್ಯದ ಕೆಲಸದಲ್ಲಿ ಹೆಚ್ಚಿನ ಪಾಲು ಮಾದರಿ ತಯಾರಿಕೆಯದು. ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ಬೆಳೆಸಬೇಕು, ಕೋಶಗಳನ್ನು ಒಡೆದು ಪ್ರೋಟೀನನ್ನು ಬೇರ್ಪಡಿಸಬೇಕು, ಶುದ್ಧಿಯನ್ನು ಪರೀಕ್ಷಿಸಬೇಕು. ಪ್ರೋಟೀನು ಒಂದು ರಾತ್ರಿಯಲ್ಲಿ ಗಡ್ಡೆಕಟ್ಟಿ ತಳ ಸೇರಿದರೆ ಮತ್ತೆ ಮೊದಲಿನಿಂದ. ಹರಳು ಬೆಳೆಸುವವರು ನೂರಾರು ದ್ರಾವಣಗಳಲ್ಲಿ ಹನಿ ಹನಿಯಾಗಿ ಇಟ್ಟು ವಾರಗಟ್ಟಲೆ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸಿಕ್ಕ ಹರಳಿಗೆ ಪ್ರಬಲ ಕ್ಷ-ಕಿರಣ ಬೇಕಾದರೆ ಇಂದೋರಿನ ಇಂಡಸ್-2ಕ್ಕೋ ಫ್ರಾನ್ಸಿನ ಗ್ರೆನೋಬ್ಲ್‌ಗೋ ಹೋಗಬೇಕಾಗುತ್ತದೆ. ಹರಳಾಗಲೊಲ್ಲದ ದೊಡ್ಡ ಅಣುಸಮೂಹಗಳನ್ನು ಹೆಪ್ಪುಗಟ್ಟಿಸಿ ನೋಡುವ ಕ್ರಯೋ-ಎಲೆಕ್ಟ್ರಾನ್ ಸೂಕ್ಷ್ಮದರ್ಶನಕ್ಕೆ 2017ರ ರಸಾಯನ ನೊಬೆಲ್ ಬಂತು. ಬೆಂಗಳೂರಿನ ಎನ್‌ಸಿಬಿಎಸ್ ಆವರಣದಲ್ಲಿ ಅದರ ರಾಷ್ಟ್ರೀಯ ಸೌಲಭ್ಯವಿದೆ.

ಅಮೈನೊ ಆಮ್ಲಗಳ ಸಾಲನ್ನು ಕೊಟ್ಟರೆ ರಚನೆಯನ್ನು ಊಹಿಸುವ ಆಲ್ಫಾಫೋಲ್ಡ್‌ಗೆ 2024ರ ರಸಾಯನ ನೊಬೆಲ್‌ನಲ್ಲಿ ಪಾಲು ಸಿಕ್ಕ ಮೇಲೆ, ರಚನೆ ಬಿಡಿಸುವುದೊಂದೇ ಪಿಎಚ್.ಡಿ. ವಿಷಯವಾಗಿ ಉಳಿಯುವುದು ಕಷ್ಟ. ಆದರೆ ಡಿಟಿಡಿ ಎಡ ರೂಪವನ್ನು ಏಕೆ ಹೊರಗಿಡುತ್ತದೆ, ಕೊಲೆಸ್ಟೆರಾಲ್ ಕಳೆದಾಗ ಗ್ರಾಹಕ ಏಕೆ ಕುಂದುತ್ತದೆ ಎಂಬಂಥ ಪ್ರಶ್ನೆಗಳಿಗೆ ಉತ್ತರ ಅಳತೆಯಿಂದಲೇ ಬರಬೇಕು. ಪ್ರಶ್ನೆ ಇಟ್ಟುಕೊಂಡು ಬಂದ ವಿದ್ಯಾರ್ಥಿಗೆ ಈ ಹೊಸ ಸಾಧನ ವರ್ಷಗಳನ್ನು ಉಳಿಸಿಕೊಡುತ್ತದೆ. ತಂತ್ರವೊಂದನ್ನೇ ನಂಬಿ ಬಂದವರ ಕೆಲಸವನ್ನು ಅದು ಕಸಿದುಕೊಳ್ಳುತ್ತದೆ.

ವರ್ಷಕ್ಕೊಮ್ಮೆಯಾದರೂ ಸಲಹಾ ಸಮಿತಿಯ ಮುಂದೆ ಕೆಲಸ ಒಪ್ಪಿಸಬೇಕು. ಸಮಿತಿಯಲ್ಲಿ ಗೈಡ್ ಜೊತೆಗೆ ಬೇರೆ ವಿಜ್ಞಾನಿಗಳೂ ಇರುತ್ತಾರೆ. ಗೈಡ್ ಜೊತೆ ಹೊಂದಾಣಿಕೆ ಆಗದಿದ್ದಾಗ ವಿದ್ಯಾರ್ಥಿಗೆ ಇರುವ ಆಸರೆ ಇದೇ. ಸಂಕೋಚಪಟ್ಟು ಸುಮ್ಮನಿರುವುದಕ್ಕಿಂತ ಸಮಿತಿಯವರಲ್ಲಿ ಒಬ್ಬರೊಡನೆ ಮೊದಲೇ ಮಾತಾಡುವುದು ಮೇಲು.

ಕನ್ನಡ ನಾಡಿನಿಂದ

ಬೀದರ್, ಕಲಬುರಗಿ, ರಾಯಚೂರುಗಳಿಗೆ ಹೈದರಾಬಾದು ಬೆಂಗಳೂರಿಗಿಂತ ಎಷ್ಟೋ ಹತ್ತಿರ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಇದೇ ಅವರ ರಾಜಧಾನಿ. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ಅವರ ವಿಶ್ವವಿದ್ಯಾಲಯ. ಭೌತವಿಜ್ಞಾನ, ವೈದ್ಯಕೀಯಗಳನ್ನೂ ಉರ್ದುವಿನಲ್ಲಿ ಕಲಿಸಿದ ಉಸ್ಮಾನಿಯಾ ಅದಕ್ಕಾಗಿ ದೊಡ್ಡ ಅನುವಾದ ಸಂಸ್ಥೆಯನ್ನೇ ಕಟ್ಟಿತ್ತು. ಭಾರತೀಯ ಭಾಷೆಯಲ್ಲಿ ಉನ್ನತ ವಿಜ್ಞಾನ ಸಾಧ್ಯ ಎಂದು ನೂರು ವರ್ಷಕ್ಕೂ ಹಿಂದೆ ಹೊರಟ ಊರಿಗೆ ಇಂದು ಸಂಶೋಧನೆಗೆ ಬರುವ ಕನ್ನಡ ವಿದ್ಯಾರ್ಥಿ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಬರುವ ನೆಟ್ ಪ್ರಶ್ನೆಪತ್ರಿಕೆಯನ್ನು ದಾಟಿ ಬರಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಮೊದಲ ವರ್ಷದ ಅಡ್ಡಗೋಡೆ ಹೆಚ್ಚಾಗಿ ಇಂಗ್ಲಿಷ್. ವಿಷಯಜ್ಞಾನದಲ್ಲಿ ಅವರು ಹಿಂದಿರುವುದಿಲ್ಲ. ಪ್ರಯೋಗಾಲಯದಲ್ಲಿ ದಿನವೂ ಮಾತಾಡುತ್ತಾ ಹೋದರೆ ಅದು ಕರಗುತ್ತದೆ. ಕಲ್ಯಾಣ ಕರ್ನಾಟಕದ ವಿಶ್ವವಿದ್ಯಾಲಯಗಳು ತಮ್ಮ ಎಂ.ಎಸ್‌ಸಿ. ವಿದ್ಯಾರ್ಥಿಗಳನ್ನು ಬೇಸಿಗೆಯಲ್ಲಿ ಎರಡು ತಿಂಗಳು ಇಲ್ಲಿಯ ಪ್ರಯೋಗಾಲಯಗಳಿಗೆ ಕಳಿಸುವ ವ್ಯವಸ್ಥೆ ಮಾಡಿದರೆ ಆಗುವ ಲಾಭ ಯಾವ ಕೋಚಿಂಗ್‌ನಿಂದಲೂ ಆಗದು.

ಪದವಿಯ ನಂತರ

ಹೆಚ್ಚಿನವರು ಪೋಸ್ಟ್‌ಡಾಕ್ ಆಗಿ ಹೊರದೇಶಕ್ಕೆ ಹೋಗುತ್ತಾರೆ. ಅಧ್ಯಾಪಕ ಹುದ್ದೆಗಳು ಕಡಿಮೆ, ಕಾಯುವಿಕೆ ದೀರ್ಘ. ಆದರೆ ಹೈದರಾಬಾದಿನಲ್ಲಿ ಇನ್ನೊಂದು ದಾರಿಯೂ ಇದೆ. ಜೀನೋಮ್ ವ್ಯಾಲಿ ಎಂಬ ಜೈವಿಕ ಉದ್ಯಮ ವಲಯದ ಲಸಿಕೆ ಮತ್ತು ಔಷಧ ಕಂಪನಿಗಳಿಗೆ ಪ್ರೋಟೀನನ್ನು ಅಳೆಯಬಲ್ಲವರು ಬೇಕು. ಡಾ. ರೆಡ್ಡೀಸ್ 2007ರಲ್ಲಿ ರಿಟುಕ್ಸಿಮಾಬ್ ಎಂಬ ಪ್ರತಿಕಾಯ ಔಷಧದ ತನ್ನ ಆವೃತ್ತಿಯನ್ನು ಮಾರುಕಟ್ಟೆಗೆ ತಂದಿತು. ಇಂಥ ಜೈವಿಕ ಔಷಧ ಮೂಲ ಔಷಧದಂತೆಯೇ ಮಡಚಿಕೊಂಡಿದೆ, ಗಡ್ಡೆಕಟ್ಟಿಲ್ಲ, ಶಾಖವನ್ನು ಅಷ್ಟೇ ತಡೆದುಕೊಳ್ಳುತ್ತದೆ ಎಂದು ರುಜುವಾತು ಮಾಡಲು ಬಳಸುವುದು ಪ್ರಯೋಗಾಲಯದಲ್ಲಿ ಕಲಿತ ಅದೇ ರೋಹಿತಮಾಪನ, ಬೆಳಕಿನ ಚದುರಿಕೆ, ಉಷ್ಣಮಾಪನಗಳನ್ನು. ಹೀಗೆ ಮಸೂರದ ಪ್ರೋಟೀನನ್ನು ಅಳೆದ ಕೈ ಔಷಧದ ಗುಣಮಟ್ಟವನ್ನೂ ಅಳೆಯಬಲ್ಲದು.

ಅರ್ಜಿ ಹಾಕುವ ಮುನ್ನ ಒಂದು ಕೆಲಸವನ್ನು ತಪ್ಪದೆ ಮಾಡಬೇಕು. ಹೈದರಾಬಾದ್ ವಿಶ್ವವಿದ್ಯಾಲಯವೂ ಸೇರಿದಂತೆ ಹಲವು ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಭಂಡಾರದಲ್ಲಿ ಉಚಿತವಾಗಿ ಸಿಗುತ್ತವೆ. ಮನಸ್ಸಿಗೆ ಹಿಡಿಸಿದ ಗುಂಪಿನ ಈಚಿನ ಎರಡು ಪ್ರಬಂಧಗಳನ್ನು ತೆಗೆದು ಮೊದಲ ಅಧ್ಯಾಯವನ್ನೂ ಕೊನೆಯದನ್ನೂ ಓದಿ. ಕೊನೆಯ ಅಧ್ಯಾಯದಲ್ಲಿ ಉತ್ತರ ಸಿಗದೆ ಉಳಿದಿರುವ ಪ್ರಶ್ನೆ ನಿಮ್ಮನ್ನು ಹಿಡಿದು ನಿಲ್ಲಿಸಿದರೆ, ಆ ವಿಜ್ಞಾನಿಗೆ ಇಂದೇ ಪತ್ರ ಬರೆಯಿರಿ.